ಸಿಲೇಸಿಯಾದಿಂದ ಲೊಂಬಾರ್ಡಿಗೆ ನೇರ ದಾರಿ

ಎಲ್ಲರಿಗೂ ನಮಸ್ಕಾರ. ಸಿಲೇಸಿಯನ್, ಲೊಂಬಾರ್ಡ್ ಎಂಬ ಎರಡು ಸಣ್ಣ ಭಾಷೆಗಳ ನಡುವಿನ ಅನುವಾದದ ಬಗ್ಗೆ ಮಾತಾಡಲು ಅಧ್ಯಕ್ಷರು ಅರ್ಧ ಗಂಟೆ ಕೊಟ್ಟಿದ್ದರು. ಹೂಗುಚ್ಛ, ನನ್ನ ಪರಿಚಯ, ಮೈಕಿನ ಪರೀಕ್ಷೆ ಎಂದು ಅದರಲ್ಲಿ ಕಾಲು ಭಾಗ ಆಗಲೇ ಕರಗಿದೆ. ಹಾಗಾಗಿ ಭಾಷಾ ಕುಟುಂಬಗಳ ಪೀಠಿಕೆ ಬಿಟ್ಟುಬಿಡುತ್ತೇನೆ, ಇಲ್ಲಿ ಕೂತವರಿಗೆ ಅದರ ಅಗತ್ಯವೂ ಇಲ್ಲ. ಸಿಲೇಸಿಯನ್ ಎಂದರೆ ದಕ್ಷಿಣ ಪೋಲೆಂಡಿನ ಕಟೊವಿಟ್ಸೆ, ಒಪೊಲೆ ಸುತ್ತಿನ ಮಾತು, ಸ್ಲಾವಿಕ್ ಬಳಗದ್ದು. ಲೊಂಬಾರ್ಡ್ ಎಂದರೆ ಮಿಲಾನ್, ಬೆರ್ಗಮೊ, ಬ್ರೆಶಾ ಮತ್ತು ಸ್ವಿಟ್ಜರ್ಲೆಂಡಿನ ಟಿಚಿನೊ ಕಡೆಯ ಮಾತು, ಲ್ಯಾಟಿನ್ ಸಂತಾನ. ಆಮಂತ್ರಣ ನೋಡಿದ ಗೆಳೆಯರೊಬ್ಬರು ಫೋನ್ ಮಾಡಿ, "ಇವೆರಡಕ್ಕೂ ಏನಯ್ಯಾ ಸಂಬಂಧ?" ಎಂದರು. ಒಂದು ಕಾಲಕ್ಕೆ ಇದ್ದದ್ದು ಒಬ್ಬನೇ ಒಡೆಯ. ಸಿಲೇಸಿಯಾ 1526ರಿಂದ ವಿಯೆನ್ನಾದ ಹ್ಯಾಬ್ಸ್‌ಬರ್ಗ್ ರಾಜವಂಶದ ಕೈಯಲ್ಲಿತ್ತು. ಹದಿನೆಂಟನೇ ಶತಮಾನದ ಆರಂಭದಲ್ಲಿ ಮಿಲಾನ್ ಕೂಡ ವಿಯೆನ್ನಾದ ಪಾಲಾಯಿತು. 1740ರ ದಶಕದಲ್ಲಿ ಪ್ರಷ್ಯಾ ಸಿಲೇಸಿಯಾದ ಹೆಚ್ಚಿನ ಭಾಗವನ್ನು ಕಿತ್ತುಕೊಂಡಿತು. ಚೆಶಿನ್, ಒಪಾವಾ ಊರುಗಳ ಸುತ್ತ ಮಾತ್ರ 1918ರವರೆಗೂ ವಿಯೆನ್ನಾದ್ದೇ ಆಡಳಿತ.

ಇವತ್ತಿನ ಸಂಬಂಧ ಇನ್ನೂ ಸ್ವಾರಸ್ಯದ್ದು. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಮೊದಲೇ ಕೇಳಿದವರು ಕ್ಷಮಿಸಿ.

2024ರ ಏಪ್ರಿಲ್ 26. ಪೋಲೆಂಡಿನ ಕೆಳಮನೆ ಸಿಲೇಸಿಯನ್ನಿಗೆ ಪ್ರಾದೇಶಿಕ ಭಾಷೆಯ ಸ್ಥಾನ ಕೊಡುವ ಮಸೂದೆ ಪಾಸು ಮಾಡಿತು. ಆ ಸ್ಥಾನ ಅಲ್ಲಿ ಇರುವುದು ಕಶುಬಿಯನ್ ಒಂದಕ್ಕೇ, ಅದೂ 2005ರ ಕಾಯಿದೆಯಿಂದ. ಮೇಲ್ಮನೆಯೂ ಒಪ್ಪಿತು. ಕಟೊವಿಟ್ಸೆಯಲ್ಲಿ ಸಿಹಿ ಹಂಚಬೇಕು ಅನ್ನುವಷ್ಟರಲ್ಲಿ, ಮೇ 29ಕ್ಕೆ ಅಧ್ಯಕ್ಷ ಆಂಜೆಯ್ ದೂದಾ ವೀಟೋ ಹಾಕಿದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಇದು ಭಾಷೆಯಲ್ಲ, ಪೋಲಿಷಿನ ಉಪಭಾಷೆ. ಇನ್ನೊಂದು, ಗಡಿಯಾಚೆ ಯುದ್ಧ ನಡೆಯುತ್ತಿರುವಾಗ ರಾಷ್ಟ್ರದ ಅಸ್ಮಿತೆಯನ್ನು ಕಾಪಾಡಿಕೊಳ್ಳಬೇಕು. ಅಜ್ಜಿ ಮೊಮ್ಮಗನಿಗೆ ಬೈಯುವ ಮಾತಿನಿಂದ ದೇಶದ ಭದ್ರತೆಗೆ ಧಕ್ಕೆ! 2021ರ ಜನಗಣತಿಯಲ್ಲಿ ಮನೆಮಾತು ಸಿಲೇಸಿಯನ್ ಎಂದು ಬರೆಸಿದವರೇ 4.5 ಲಕ್ಷಕ್ಕೂ ಹೆಚ್ಚು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ತಿಂಗಳು ತುಂಬುವ ಮೊದಲೇ, ಜೂನ್ ಕೊನೆಗೆ, ಗೂಗಲ್ ಟ್ರಾನ್ಸ್‌ಲೇಟ್ 110 ಹೊಸ ಭಾಷೆಗಳನ್ನು ಸೇರಿಸಿತು. ಪಟ್ಟಿಯಲ್ಲಿ ಸಿಲೇಸಿಯನ್ ಇತ್ತು, ಲೊಂಬಾರ್ಡ್ ಇತ್ತು. ಚಪ್ಪಾಳೆಗೆ ತಡೆಯಿರಿ, ನಮ್ಮ ತುಳುವೂ ಇತ್ತು. ಮೂರಕ್ಕೂ ಒಂದೇ ಜಾತಕ. ತುಳು ಎಂಟನೇ ಪರಿಚ್ಛೇದದ ಹೊರಗೆ. ಇಟಲಿಯ 1999ರ ಕಾಯಿದೆ 12 ಅಲ್ಪಸಂಖ್ಯಾತ ಭಾಷೆಗಳನ್ನು ಗುರುತಿಸಿದೆ, ಅದರಲ್ಲಿ ಲೊಂಬಾರ್ಡ್ ಇಲ್ಲ. ಸರ್ಕಾರ ಬಾಗಿಲು ಹಾಕಿದ್ದಕ್ಕೆ ಕಂಪನಿ ಕಿಟಕಿ ತೆರೆಯಿತು ಎಂದು ಹಿಗ್ಗಿದವರಲ್ಲಿ ನಾನೂ ಒಬ್ಬ.

ಹಿಗ್ಗು ಮುಗಿದ ಮೇಲೆ ನೋಡಬೇಕಾದ್ದು ಒಂದಿದೆ. ಲೊಂಬಾರ್ಡಿನಿಂದ ಸಿಲೇಸಿಯನ್ನಿಗೆ ಮಾತು ದಾಟುವಾಗ ನಡುವೆ ಕೂತಿರುವವರು ಯಾರು? ಇಂಗ್ಲಿಷ್. ಮೂಡಬಿದಿರೆಯಿಂದ ಕಾರ್ಕಳಕ್ಕೆ ಬೆಂಗಳೂರಿನ ಮೇಲೆ ಹೋದ ಹಾಗೆ. ಈಗಿನ ಯಂತ್ರಗಳು ನೇರವಾಗಿಯೇ ಅನುವಾದಿಸುತ್ತವೆ ಎಂದು ತಾಂತ್ರಿಕರು ತಕರಾರು ತೆಗೆಯಬಹುದು. ಆದರೆ ಅವು ಕಲಿತ ಜೋಡಿ ಪಠ್ಯ ಬಹುಪಾಲು ಯಾವುದು? ಒಂದು ಕಡೆ ಸಣ್ಣ ಭಾಷೆ, ಇನ್ನೊಂದು ಕಡೆ ಇಂಗ್ಲಿಷ್. ಮೆಟಾ ಕಂಪನಿ 2022ರಲ್ಲಿ 200 ಭಾಷೆಗಳ ಅನುವಾದವನ್ನು ಅಳೆಯಲು ಸುಮಾರು 3000 ವಾಕ್ಯಗಳ ಒಂದು ಕಟ್ಟು ಹೊರತಂದಿತು. ಸಿಲೇಸಿಯನ್, ಲೊಂಬಾರ್ಡ್, ಕನ್ನಡ ಮೂರೂ ಅದರಲ್ಲಿವೆ. ಆ ವಾಕ್ಯಗಳು ಮೂಲದಲ್ಲಿ ಇಂಗ್ಲಿಷಿನವು, ವಿಕಿಯ ಸುದ್ದಿ, ಪ್ರವಾಸ ಮುಂತಾದ ಪುಟಗಳಿಂದ ಆರಿಸಿದವು. ಅಂಥ ಪುಟಗಳಲ್ಲಿ ಯಾವ ಅಜ್ಜಿಯೂ ಯಾರನ್ನೂ ಊಟಕ್ಕೆ ಕರೆಯುವುದಿಲ್ಲ.

ಏನು ಕಳೆದುಹೋಗುತ್ತದೆ ಎಂದು ಹತ್ತಿರದಿಂದ ನೋಡೋಣ. ಮಿಲಾನಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು "ನಾನು ಬಂದೆ" ಅನ್ನುವುದು "ಸುನ್ ರಿವಾದಾ" ಎಂದು. ಗಂಡಸಾದರೆ "ಸುನ್ ರಿವಾ". ಸಿಲೇಸಿಯಾದ ಹೆಂಗಸು "ಯೋ ಝೆಖ್ ಪ್ಶಿಶ್ವಾ" ಎನ್ನುತ್ತಾಳೆ, ಗಂಡಸು "ಪ್ಶಿಶೊವ್". ಹೇಳುವವರು ಹೆಣ್ಣೋ ಗಂಡೋ ಎಂಬುದು ಎರಡೂ ಕಡೆ ಕ್ರಿಯಾಪದದಲ್ಲೇ ಕೂತಿದೆ. ಕನ್ನಡದ "ಬಂದೆ"ಯಲ್ಲಿ ಅದಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಈ ದಾರಿಯಲ್ಲಿ ಹೊರಟ ಮಿಲಾನಿನ ಹೆಂಗಸು ನಡುವಿನ ಸ್ಟೇಷನ್ನಿನಲ್ಲಿ ಇಳಿದು, ಕಟೊವಿಟ್ಸೆಗೆ ಗಂಡಸಾಗಿ ತಲುಪುವ ಸಾಧ್ಯತೆ ಇದೆ. ಎರಡೂ ತುದಿಯಲ್ಲಿ ಇದ್ದದ್ದೇ ನಡುದಾರಿಯಲ್ಲಿ ಕಾಣೆಯಾಗುವುದು! ಕಷ್ಟದ ಪದಕ್ಕೆ ಸಮಾನಪದ ಸಿಗದಿದ್ದರೆ ಅರ್ಥ ಮಾಡಿಕೊಳ್ಳೋಣ. ಇದು ಹಾಗಲ್ಲ, ಎರಡೂ ಮನೆಯಲ್ಲಿರುವ ಸಾಮಾನನ್ನೇ ಕಳೆದಿರುವುದು.

ಮರ್ಯಾದೆಯ ವಿಷಯವೂ ಅಷ್ಟೇ. ಹಳೆಯ ಸಿಲೇಸಿಯನ್ ಮನೆಗಳಲ್ಲಿ ಮಕ್ಕಳು ಅಪ್ಪ ಅಮ್ಮನನ್ನು, ಅಜ್ಜ ಅಜ್ಜಿಯನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಮಿಲಾನಿನ ಹಳೇ ಮಾತಿನಲ್ಲೂ ಹಿರಿಯರಿಗೆ "ವು", ಅಂದರೆ ನೀವು. ನೀನು, ನೀವು ಎಂದು ದಿನವೂ ಲೆಕ್ಕ ಹಾಕಿ ಬಾಯಿಬಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನ ಮೂಲಕ ಪೋಲಿಷ್, ಇಟಾಲಿಯನ್ ಕಥೆಗಳನ್ನು ಕನ್ನಡಕ್ಕೆ ತಂದವರನ್ನು ಕೇಳಿ. ಗಂಡ ಹೆಂಡತಿಗೆ "ನೀನು" ಅಂದನೋ "ನೀವು" ಅಂದನೋ ಎಂಬುದನ್ನು ಅವರು ಊಹಿಸಿಯೇ ಬರೆದಿರುತ್ತಾರೆ. ಮೂಲದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ಮತ್ತೆ ಅದೇ ಬೆಂಗಳೂರಿನ ದಾರಿ.

ಕಾಗುಣಿತದ ವಿಷಯ ತುಂಬ ಇಟ್ಟುಕೊಂಡು ಬಂದಿದ್ದೆ. ಗಡಿಯಾರ ನೋಡಿದರೆ ಎರಡೇ ಮಾತಿಗೆ ಸಮಯವಿದೆ. ಸಿಲೇಸಿಯನ್ನರು 2009ರಲ್ಲಿ ಅದೇ ಚೆಶಿನ್ ಊರಲ್ಲಿ ಸೇರಿ ಒಂದು ಬರವಣಿಗೆಯ ಪದ್ಧತಿಗೆ ಬಂದರು. ರೋಮನ್ "ಓ" ಅಕ್ಷರವೊಂದಕ್ಕೇ ನಾಲ್ಕು ಬಗೆಯ ಟೋಪಿ. ನೋಡಿದರೆ ನಗು ಬರುತ್ತದೆ, ಉಪಾಯ ಮಾತ್ರ ಜಾಣತನದ್ದು: ಬರೆಯುವುದು ಒಂದೇ ಥರ, ಓದುವಾಗ ಆಯಾ ಊರಿನವರು ತಮ್ಮ ಉಚ್ಚಾರದಲ್ಲೇ ಓದಿಕೊಳ್ಳಬಹುದು. ಲೊಂಬಾರ್ಡಿನಲ್ಲಿ ಈ ಜಗಳ ಇನ್ನೂ ಬಗೆಹರಿದಿಲ್ಲ. ಒಂದೇ ಸ್ವರಕ್ಕೆ ಮಿಲಾನಿನವರು ಓ, ಇ, ಯು ಮೂರಕ್ಷರ ಜೋಡಿಸಿದರೆ ಟಿಚಿನೊದವರು "ಓ" ಮೇಲೆ ಎರಡು ಚುಕ್ಕೆ ಇಡುತ್ತಾರೆ. ಅವರ ವಿಕಿಪೀಡಿಯದಲ್ಲಿ ಲೇಖನದ ನೆತ್ತಿಯ ಮೇಲೆ ಇದು ಯಾವ ಕಾಗುಣಿತ ಎಂಬ ಪಟ್ಟಿಯನ್ನೇ ಹಚ್ಚುವ ರೂಢಿ. ಯಂತ್ರ ಎಲ್ಲವನ್ನೂ ಒಟ್ಟಿಗೆ ನುಂಗಿ ಯಾವ ಊರಿನದೂ ಅಲ್ಲದ ಲೊಂಬಾರ್ಡನ್ನು ಉಗುಳಿದರೆ ಆಶ್ಚರ್ಯವೇನು?

ಮಿಲಾನಿನ ಕವಿ ಕಾರ್ಲೊ ಪೋರ್ತಾ ಡಾಂಟೆಯ ಮಹಾಕಾವ್ಯದ ನರಕದ ಭಾಗಗಳನ್ನು ಮಿಲಾನಿನ ಮಾತಿಗೆ ತಂದ ಕಥೆ ಇತ್ತು, ಬಿಡುತ್ತೇನೆ. ನಿಷೇಧಾರ್ಥಕದ ಹೋಲಿಕೆಯೂ ಇತ್ತು. ಮಿಲಾನಿನವರು ನಮ್ಮ ಹಾಗೆ ಕ್ರಿಯಾಪದ ಆದಮೇಲೆ "ಇಲ್ಲ" ಅನ್ನುತ್ತಾರೆ, ಸಿಲೇಸಿಯನ್ನರು ಮೊದಲೇ ಅಂದುಬಿಡುತ್ತಾರೆ. ಅದೂ ಇನ್ನೊಮ್ಮೆ.

ಅಧ್ಯಕ್ಷರ ಚೀಟಿ ಬಂತು. ಒಂದೇ ಬೇಡಿಕೆ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕೊಡವ ಮನೆಮಾತಿನವರು ಇದ್ದೀರಿ. ಇವುಗಳಲ್ಲಿ ಎರಡು ಬಲ್ಲವರೂ ಇದ್ದೀರಿ. ಕನ್ನಡವನ್ನೂ ಇಂಗ್ಲಿಷನ್ನೂ ನಡುವೆ ಕೂರಿಸದೆ, ಒಂದರಿಂದ ಇನ್ನೊಂದಕ್ಕೆ ನೂರು ವಾಕ್ಯ ಬರೆದುಕೊಡಿ. ಅಡುಗೆಮನೆಯ ವಾಕ್ಯಗಳಾದರೆ ಒಳ್ಳೆಯದು, ಬೈಗುಳವಿದ್ದರೂ ಪರವಾಗಿಲ್ಲ. ಪ್ರಶ್ನೆಗಳಿದ್ದರೆ ಈಗಲೇ ಕೇಳಿಬಿಡಿ, ಊಟದ ಗಂಟೆ ಬಾರಿಸಿದ ಮೇಲೆ ನಾನೂ ಇಲ್ಲಿ ನಿಲ್ಲುವವನಲ್ಲ.