ಒಂದೇ ಟ್ಯೂಬಾ ಕೊಳ್ಳೋದಾದ್ರೆ ಯಾವುದು?

ಟ್ಯೂಬಾ ಅಂದ್ರೆ ಊದಿ ನುಡಿಸೋ ಹಿತ್ತಾಳೆ ವಾದ್ಯಗಳಲ್ಲಿ ಅತಿ ತಗ್ಗಿನ ನಾದದ್ದು. ಸಾಲಾಗಿ ನಿಂತಿರೋ ಈ ನಾಲ್ಕು ಟ್ಯೂಬಾ ನೋಡಿ. ಎಡಗಡೆಯಿಂದ ಬಿ ಫ್ಲ್ಯಾಟ್, ಸಿ, ಇ ಫ್ಲ್ಯಾಟ್, ಎಫ್. ಒಂದೊಂದಕ್ಕೂ ಅದರ ಮೂಲ ಸ್ವರದ ಹೆಸರು. ಸುರುಳಿ ಬಿಚ್ಚಿ ನೇರ ಮಾಡಿದ್ರೆ ಬಿ ಫ್ಲ್ಯಾಟ್ ಕೊಳವೆ ಸುಮಾರು 5.5 ಮೀಟರ್ ಬರುತ್ತೆ, ಎಫ್ ಬರೀ 3.7 ಮೀಟರ್. ದಿನಾ ಕೈಗೆತ್ತಿಕೊಳ್ಳೋ ವಾದ್ಯ ಒಂದೇ ಅಂತಾದ್ರೆ, ಬ್ರ್ಯಾಂಡು, ಬೆಲ್ಲು ಅನ್ನೋ ಅರಳಿದ ಬಾಯಿಯ ಅಗಲ ಎಲ್ಲ ಆಮೇಲೆ. ಎಲ್ಲಿ ಕೂತು ನುಡಿಸ್ತೀರಿ ಅನ್ನೋದು ಮೊದಲು.

ಬ್ರಿಟಿಷ್ ಶೈಲಿಯ ಬ್ರಾಸ್ ಬ್ಯಾಂಡ್ ಆದ್ರೆ ಯೋಚನೆಯೇ ಬೇಡ. ಅಲ್ಲಿ ಇ ಫ್ಲ್ಯಾಟ್ ಮತ್ತು ಬಿ ಫ್ಲ್ಯಾಟ್‌ಗೆ ಬೇರೆ ಬೇರೆ ಪಾಲು ಬರೆದಿರ್ತಾರೆ, ಅದೂ ಎತ್ತರದ ಸ್ವರಗಳ ಲಿಪಿಗುರುತಾದ ಟ್ರೆಬಲ್ ಕ್ಲೆಫ್‌ನಲ್ಲಿ. ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಸಿ ರೂಢಿ. ಜರ್ಮನಿಯಲ್ಲಿ ಬಿ ಫ್ಲ್ಯಾಟ್ ಜೊತೆಗೆ ಎಫ್, ಎರಡೂ ಹೆಚ್ಚಾಗಿ ರೋಟರಿ ವಾಲ್ವಿನವು. ವಾಲ್ವ್ ಅಂದ್ರೆ ಬೆರಳಿಂದ ಒತ್ತಿ ಗಾಳಿಯನ್ನ ಹೆಚ್ಚುವರಿ ಕೊಳವೆಗೆ ಹೊರಳಿಸೋ ಸಾಧನ, ರೋಟರಿಯಲ್ಲಿ ಅದು ತಿರುಗುತ್ತೆ. 1835ರಲ್ಲಿ ಬರ್ಲಿನ್‌ನಲ್ಲಿ ಬ್ಯಾಂಡ್ ನಾಯಕ ವೀಪ್ರೆಕ್ಟ್ ಮತ್ತು ವಾದ್ಯ ತಯಾರಕ ಮೋರಿಟ್ಸ್ ಪೇಟೆಂಟ್ ಪಡೆದ ಮೊದಲ ಟ್ಯೂಬಾ ಕೂಡ ಎಫ್ ವಾದ್ಯವೇ. ಏಕವಾದನಕ್ಕೆ ಎಫ್, ಇ ಫ್ಲ್ಯಾಟ್ ಹಗುರಾಗಿ ಒದಗುತ್ತೆ, ಆದ್ರೆ ದೊಡ್ಡ ಬ್ಯಾಂಡಿನ ಕೆಳಗೆ ಎಫ್ ಒಂದನ್ನೇ ಇಟ್ಟರೆ ಬುಡ ತೆಳ್ಳಗಾಗುತ್ತೆ. ಎಲ್ಲದಕ್ಕೂ ಒಂದೇ ಬೇಕು ಅನ್ನೋರಿಗೆ ನನ್ನ ಆಯ್ಕೆ ನಾಲ್ಕು ವಾಲ್ವಿನ ಕಾಂಪನ್ಸೇಟಿಂಗ್ ಇ ಫ್ಲ್ಯಾಟ್.

ಕಾಂಪನ್ಸೇಟಿಂಗ್ ಯಾಕೆ? ಲೆಕ್ಕ ನೋಡಿ. ಒಂದೊಂದು ವಾಲ್ವನ್ನೂ ಒಂಟಿಯಾಗಿ ಒತ್ತಿದಾಗ ಶ್ರುತಿಗೆ ಸರಿಯಾಗಿ ಕೂರೋ ಹಾಗೆ ಅದರ ಕೊಳವೆ ಕತ್ತರಿಸಿರ್ತಾರೆ ಅಂದ್ಕೊಳ್ಳಿ. ಮೂರನ್ನೂ ಒಟ್ಟಿಗೆ ಒತ್ತಿದ್ರೆ, 5.5 ಮೀಟರಿನ ವಾದ್ಯದಲ್ಲಿ ಕೊಳವೆ ಸುಮಾರು 24 ಸೆಂಟಿಮೀಟರ್ ಸಾಲದೆ ಬರುತ್ತೆ. ಸ್ವರ 50 ಸೆಂಟ್‌ಗಿಂತ ಮೇಲೆ ಹೋಗುತ್ತೆ, ಅಂದ್ರೆ ಕಾಲು ಸ್ವರದಷ್ಟು (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್). ನಾಲ್ಕನೇ ವಾಲ್ವ್ ಇದ್ದು 2 ಮತ್ತು 4 ಒತ್ತಿದ್ರೆ ಅದೇ ತಪ್ಪು ಸುಮಾರು 24 ಸೆಂಟ್‌ಗೆ ಇಳಿಯುತ್ತೆ. ಕಾಂಪನ್ಸೇಟಿಂಗ್ ವಾದ್ಯದಲ್ಲಿ ನಾಲ್ಕನೆಯದು ಒತ್ತಿದಾಗ ಗಾಳಿ ವಾಲ್ವುಗಳ ಮೂಲಕ ಇನ್ನೊಂದು ಸುತ್ತು ಹಾದು, ಹಿಂಭಾಗದ ಈ ಪುಟ್ಟ ಕೊಳವೆಗಳಲ್ಲಿ ಉಳಿದ ಉದ್ದ ತುಂಬಿಕೊಳ್ಳುತ್ತೆ. ಬೆಲೆ ಏನು? ತೂಕ ಜಾಸ್ತಿ, ತೀರಾ ತಗ್ಗಿನ ಸ್ವರಗಳಲ್ಲಿ ಉಸಿರಿಗೆ ತುಸು ತಡೆ. ಐದು ವಾಲ್ವಿನ ಸಿ ಟ್ಯೂಬಾದಲ್ಲಿ ಈ ತಡೆ ಇಲ್ಲ, ಬದಲಿಗೆ ಬೆರಳುಗಳ ಹೊಂದಾಣಿಕೆ ಹೊಸದಾಗಿ ಕಲೀಬೇಕು. ಮೂರೇ ವಾಲ್ವಿನದನ್ನ ಮುಖ್ಯ ವಾದ್ಯವಾಗಿ ಕೊಳ್ಳಬೇಡಿ.

ಗಾತ್ರದ ವಿಷಯ. ಮುಕ್ಕಾಲು, 4/4, 5/4, 6/4 ಅನ್ನೋದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬ ತಯಾರಕರ 4/4 ಇನ್ನೊಬ್ಬರ 5/4ರಷ್ಟಿರಬಹುದು. ಹತ್ತು ಕಿಲೋ ತೂಕ ಹೊತ್ತು ಓಡಾಡಬೇಕು, ಜೊತೆಗೆ ಪ್ರತಿ ಪದಗುಚ್ಛಕ್ಕೂ ಉಸಿರು ತುಂಬಬೇಕು. 6/4 ವಾದ್ಯದ ನಾದಕ್ಕೆ ಯಾರಾದ್ರೂ ಮನಸೋಲ್ತಾರೆ, ಆದ್ರೆ ಚಿಕ್ಕ ತಂಡದಲ್ಲಿ ಅದು ಉಳಿದವರನ್ನ ನುಂಗಿಬಿಡುತ್ತೆ.

ಈಗ ಕ್ಯಾಮೆರಾ ಹತ್ತಿರ ತರ್ತೀನಿ. ಇದು ಮೊದಲನೇ ವಾಲ್ವಿನ ಸ್ಲೈಡ್, ಅಂದ್ರೆ ಎಳೆದು ಉದ್ದ ಮಾಡಬಹುದಾದ ಕೊಳವೆ. ವಾಲ್ವ್ ಒತ್ತದೆ ಸ್ಲೈಡನ್ನ ಎರಡು ಸೆಂಟಿಮೀಟರ್ ಹೊರಗೆಳೆದು, ಐದು ಸೆಕೆಂಡ್ ಹಾಗೇ ಹಿಡೀರಿ. ಈಗ ವಾಲ್ವ್ ಒತ್ತಿ. ‘ಟಪ್’ ಅಂತ ಕೇಳಿಸ್ತಲ್ಲ? ವಾಲ್ವ್ ಬಿಗಿಯಾಗಿದೆ. ಸದ್ದೇ ಬರದಿದ್ರೆ ಗಾಳಿ ಸೋರ್ತಿದೆ, ವಾಲ್ವ್ ಸವೆದಿರಬಹುದು. ಅದನ್ನ ಸರಿಮಾಡಿಸೋದು ದುಬಾರಿ ಕೆಲಸ. ಕೆಲವರು ವಾಲ್ವಿಗೆ ಗಾಳಿ ಹೋಗೋಕೆ ಸಣ್ಣ ತೂತು ಕೊರೆಸಿರ್ತಾರೆ, ಅಂಥದ್ದರಲ್ಲಿ ಈ ಪರೀಕ್ಷೆ ನಡೆಯಲ್ಲ, ಮೊದಲೇ ಕೇಳಿಕೊಳ್ಳಿ. ರೋಟರಿಯಾದ್ರೆ ವಾಲ್ವಿಗೆ ಸನ್ನೆ (ಲಿವರ್) ಸೇರೋ ಕೀಲನ್ನ ಬೆರಳಲ್ಲಿ ಅಲ್ಲಾಡಿಸಿ. ಕಟಕಟ ಸದ್ದು ಬರೀ ಕೀಲಿನದಾದ್ರೆ ಹೆದರಬೇಕಿಲ್ಲ, ಅದು ಸುಲಭದ ರಿಪೇರಿ.

ಶ್ರುತಿ ಅಳೆಯೋ ಟ್ಯೂನರ್ ಆಮೇಲೆ. ಹತ್ತು ನಿಮಿಷ ನುಡಿಸಿ ವಾದ್ಯ ಬೆಚ್ಚಗಾಗಲಿ, ತಣ್ಣಗಿದ್ದಾಗ ಶ್ರುತಿ ಕೆಳಗಿರುತ್ತೆ. ಕಣ್ಣು ಮುಚ್ಚಿ ಸ್ವರ ಹಿಡಿದು, ಅದು ನೆಲೆನಿಂತ ಮೇಲೆ ಟ್ಯೂನರ್ ನೋಡಿ. ಮುಳ್ಳನ್ನೇ ನೋಡ್ತಾ ಊದಿದ್ರೆ ತುಟಿ ತಾನಾಗೇ ತಪ್ಪು ಮುಚ್ಚಿಬಿಡುತ್ತೆ. ಒಂದೇ ಕೊಳವೆಯಲ್ಲಿ ತುಟಿ ಬದಲಿಸಿ ಬರೋ ಸ್ವರಗಳ ಸಾಲಿನ ಐದನೆಯದು, ಐದನೇ ಹಾರ್ಮೋನಿಕ್, ಅಂದ್ರೆ ಬಿ ಫ್ಲ್ಯಾಟ್ ಟ್ಯೂಬಾದಲ್ಲಿ ವಾಲ್ವಿಲ್ಲದೆ ಬರೋ ಬೇಸ್ ಕ್ಲೆಫ್ ಲಿಪಿಯ ನಡುಗೆರೆಯ ಡಿ, ಸಹಜವಾಗೇ 14 ಸೆಂಟ್ ಕೆಳಗಿರುತ್ತೆ. ಅದನ್ನ 1 ಮತ್ತು 2 ಒತ್ತಿಯೂ ನುಡಿಸಿ ನೋಡಿ. ತುಟಿಯಿಂದಾಗಲಿ, ಬೇರೆ ಬೆರಳಿನಿಂದಾಗಲಿ, ಸ್ಲೈಡಿನಿಂದಾಗಲಿ ದಾರಿಗೆ ಬರದ ಸ್ವರ ಇದ್ರೆ ಆ ವಾದ್ಯ ಬಿಟ್ಟುಬಿಡಿ. ನುಡಿಸ್ತಾ ಇರುವಾಗಲೇ ಎಡಗೈ ಮೊದಲನೇ ಸ್ಲೈಡಿಗೆ ಎಟುಕುತ್ತಾ ಅಂತಲೂ ಇಲ್ಲೇ ಗೊತ್ತಾಗುತ್ತೆ.

ಹಳೇ ವಾದ್ಯದ ಬೆಲ್ಲಿನ ತಗ್ಗುಗಳಿಗೆ ಬೆದರಬೇಡಿ. ಮೌತ್‌ಪೀಸ್ ಕೂರೋ ಈ ಸಪೂರ ಕೊಳವೆಯ ತಗ್ಗೇ ಕೆಡುಕು, ಸ್ವರ ಅಲ್ಲೇ ಎಡವುತ್ತೆ. ಇಲ್ಲಿ ಗುಲಾಬಿ ಚುಕ್ಕೆ ಕಾಣ್ತಿದೆಯಲ್ಲ, ಒರೆಸಿದ್ರೂ ಹೋಗ್ತಿಲ್ಲ. ಹಿತ್ತಾಳೆಯಿಂದ ಸತು ಕಳಚಿಹೋಗಿ ಬರೀ ತಾಮ್ರ ಉಳಿದ ಗುರುತು ಅದು. ಈ ಕೊಳವೆ ಬದಲಿಸೋ ಖರ್ಚನ್ನ ಬೆಲೆಯಲ್ಲಿ ಕಳೆದೇ ಮಾತಾಡಿ.