ಚೇಂಬರ್ ಬೋಲ್ಟ್‌ನಿಂದ ಡಿಪ್‌ಸ್ಟಿಕ್‌ವರೆಗೆ: ಮನೆಯಲ್ಲೇ ಕಾರಿನ ಆಯಿಲ್ ಬದಲಾಯಿಸುವ ಬಗೆ

ಎಲ್ಲರಿಗೂ ನಮಸ್ಕಾರ.

ಹಳೆಯ ಆಯಿಲ್ ಇಳಿಸಬೇಕು, ಫಿಲ್ಟರ್ ಬದಲಿಸಬೇಕು, ಹೊಸ ಆಯಿಲ್ ಸುರಿಯಬೇಕು. ಕೆಲಸ ಇಷ್ಟೇ. ಆದರೂ ಮನೆಯಲ್ಲಿ ಒಂದು ಸಲ ಮಾಡಿ ನೋಡಿದ ಎಷ್ಟೋ ಜನ ಮುಂದಿನ ಸಲ ಗ್ಯಾರೇಜಿಗೇ ಹೋಗುತ್ತಾರೆ. ಕಾರಿನ ಕೆಳಗೆ ನುಸುಳುವ ಪಾಡು, ಕದಲದ ಬೋಲ್ಟು, ಕೈಗೆಟುಕದ ಫಿಲ್ಟರ್, ನೆಲದ ತುಂಬ ಎಣ್ಣೆ, ಇವು ಅವರನ್ನು ಹಿಮ್ಮೆಟ್ಟಿಸುತ್ತವೆ. ಇವಕ್ಕೆಲ್ಲ ಪೇಟೆಯಲ್ಲಿ ಸಲಕರಣೆಗಳಿವೆ. ಆದರೆ ಪ್ರತಿ ಸಲಕರಣೆಯೂ ಒಂದು ಕಷ್ಟ ತಪ್ಪಿಸಿ, ಇನ್ನೊಂದು ಕಡೆ ಎಚ್ಚರ ಬೇಡುತ್ತದೆ. ಆ ಎಚ್ಚರ ಎಲ್ಲಿ ಬೇಕು ಎಂಬುದನ್ನೇ ಇವತ್ತು ಹೇಳಬೇಕೆಂದಿದ್ದೇನೆ. ನಮ್ಮ ರಸ್ತೆಗಳಲ್ಲಿ ಹೆಚ್ಚು ಓಡುವ ಸಣ್ಣ ಪೆಟ್ರೋಲ್ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಕಾರಿನ ಜೊತೆ ಕೊಟ್ಟ ಕೈಪಿಡಿ ತೆಗೆಯಿರಿ. ಆಯಿಲ್‌ನ ದರ್ಜೆ, ಅಳತೆ, ಬೋಲ್ಟ್ ಎಷ್ಟು ಬಿಗಿಯಬೇಕು ಎಂಬ ಲೆಕ್ಕ ಎಲ್ಲ ಅದರಲ್ಲಿರುತ್ತದೆ. ಮಾರುತಿಯ 1.2 ಲೀಟರ್ ಕೆ-ಸರಣಿ ಎಂಜಿನ್‌ಗೆ ಫಿಲ್ಟರ್ ಸೇರಿ 3 ಲೀಟರ್ ಆಸುಪಾಸು ಬೇಕು. ಬದಲಾವಣೆಯ ಅವಧಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ವಾರಂಟಿ ಇನ್ನೂ ಇದ್ದರೆ ಈ ಕೆಲಸವನ್ನು ಅಧಿಕೃತ ಸರ್ವಿಸ್ ಸೆಂಟರ್‌ಗೇ ಬಿಡಿ. ನಾಳೆ ಎಂಜಿನ್‌ಗೆ ಏನಾದರೂ ಆದರೆ ವಾದ ಮಾಡುವ ಪ್ರಸಂಗ ಬರುವುದಿಲ್ಲ.

ದರ್ಜೆಯ ವಿಚಾರದಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ: ನಮ್ಮ ಸೆಕೆಗೆ ಗಟ್ಟಿ ಆಯಿಲ್ ಒಳ್ಳೆಯದು ಎಂದು. ಕೈಪಿಡಿಯಲ್ಲಿ 0ಡಬ್ಲ್ಯು-20 ಎಂಬ ತೆಳು ದರ್ಜೆ ಇದ್ದರೆ 20ಡಬ್ಲ್ಯು-50 ಎಂಬ ಗಟ್ಟಿ ದರ್ಜೆ ಹಾಕಬೇಡಿ. ಈಗಿನ ಎಂಜಿನ್‌ಗಳ ಬೇರಿಂಗ್ ಸಂದು, ಆಯಿಲ್ ಪಂಪ್, ಆಯಿಲ್ ಒತ್ತಡದಿಂದಲೇ ನಡೆಯುವ ವಾಲ್ವ್ ಟೈಮಿಂಗ್ ವ್ಯವಸ್ಥೆ ಎಲ್ಲವೂ ತೆಳು ಆಯಿಲ್‌ನ ಲೆಕ್ಕದಲ್ಲೇ ತಯಾರಾಗಿವೆ. ಗಟ್ಟಿ ಆಯಿಲ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ತಲುಪುವುದು ತಡ, ಮೈಲೇಜೂ ಇಳಿಯುತ್ತದೆ. ಬಿಎಸ್6 ಡೀಸೆಲ್ ಕಾರಾದರೆ ಇನ್ನೊಂದು ಮಾತು: ಅದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕು. ಮಸಿಯನ್ನು ಡಿಪಿಎಫ್ ಸುಟ್ಟುಕೊಳ್ಳುತ್ತದೆ, ಆಯಿಲ್‌ನ ಬೂದಿಯನ್ನು ಸುಡಲಾರದು. ಅದು ಒಳಗೇ ಕೂತು ಕಟ್ಟಿಕೊಳ್ಳುತ್ತದೆ.

ಈಗ ಕಾರಿನ ಕೆಳಗೆ ಹೋಗುವ ಮಾತು. ಇಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಡಿಕ್ಕಿಯಲ್ಲಿ ಕೊಟ್ಟಿರುವ ಜಾಕಿ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಸಿಮೆಂಟ್ ಬ್ಲಾಕ್ ಇಡುವವರಿದ್ದಾರೆ. ಟೊಳ್ಳು ಬ್ಲಾಕ್ ಭಾರ ತಡೆಯದೆ ಹೋದಾಗ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಜಾಕಿಯಿಂದ ಎತ್ತಿದ ಕಾರಿನ ಭಾರ ಹೊರುವ ಒಂದು ಜೊತೆ ಜಾಕ್ ಸ್ಟ್ಯಾಂಡ್ ಅಥವಾ ಒಂದು ಜೊತೆ ರ‍್ಯಾಂಪ್ ಕೊಳ್ಳಿ. ಎಲ್ಲ ಸಲಕರಣೆಗಳಲ್ಲಿ ಮೊದಲ ಹಣ ಇದಕ್ಕೇ ಹೋಗಬೇಕು.

ರ‍್ಯಾಂಪ್ ಸುಲಭ, ಮುಂದಿನ ಗಾಲಿ ಹತ್ತಿಸಿದರೆ ಆಯಿತು. ಆದರೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ನುಣುಪು ನೆಲದಲ್ಲಿ ಗಾಲಿ ತಾಗುತ್ತಲೇ ರ‍್ಯಾಂಪ್ ಮುಂದಕ್ಕೆ ಜಾರುತ್ತದೆ. ಅಡಿಗೆ ರಬ್ಬರ್ ಮ್ಯಾಟ್ ಹಾಸಿ. ಬಂಪರ್ ತಾಗುವಂತಿದ್ದರೆ ರ‍್ಯಾಂಪಿನ ಮುಂದೆ ಒಂದು ಹಲಗೆ ಇಟ್ಟು ಇಳಿಜಾರು ಉದ್ದ ಮಾಡಿ. ಜಾಕ್ ಸ್ಟ್ಯಾಂಡ್ ಆದರೆ ಕೈಪಿಡಿ ತೋರಿಸಿದ ಜಾಗಕ್ಕೇ ಕೊಡಬೇಕು. ಅಂಗಳ ಮಣ್ಣಿನದಾದರೆ ಸ್ಟ್ಯಾಂಡಿನ ಕಾಲು ಹೂತುಹೋಗದಂತೆ ಅಡಿಗೆ ದಪ್ಪ ಪ್ಲೈವುಡ್ ಬೇಕು. ಎರಡರಲ್ಲೂ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಆಪು ಕೊಟ್ಟು, ಕಾರನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ನೆಲದಿಂದ ಎತ್ತರವಿರುವ ಎಸ್‌ಯುವಿಗಳಲ್ಲಿ ಕಾರು ಎತ್ತದೆಯೇ ಬೋಲ್ಟ್ ಎಟುಕುವುದುಂಟು. ಎತ್ತುವ ಮೊದಲು ಬಗ್ಗಿ ನೋಡಿ.

ಕಾರಿನ ಮೂತಿ ಮೇಲಾದಾಗ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಹಿಂದಕ್ಕೆ ವಾಲುತ್ತದೆ. ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಹಿಂದಕ್ಕೆ ಮುಖ ಮಾಡಿದ್ದರೆ ಆಯಿಲ್ ಚೆನ್ನಾಗಿ ಇಳಿಯುತ್ತದೆ. ಮುಂದಕ್ಕಿದ್ದರೆ ಒಂದಿಷ್ಟು ಒಳಗೇ ಉಳಿಯುತ್ತದೆ, ಆಗ ನಾಲ್ಕೂ ಗಾಲಿ ಒಂದೇ ಮಟ್ಟಕ್ಕೆ ಬರಬೇಕು.

ಬೋಲ್ಟ್ ಬಿಚ್ಚುವ ಮುನ್ನ ಅದು ಎಂಜಿನ್‌ದೇ ಎಂದು ಖಚಿತ ಮಾಡಿಕೊಳ್ಳಿ. ಎಂಜಿನ್ ಅಡ್ಡಡ್ಡ ಕೂತಿರುವ ಕಾರುಗಳಲ್ಲಿ ಗೇರ್‌ಬಾಕ್ಸ್‌ನ ಡ್ರೈನ್ ಬೋಲ್ಟ್ ಪಕ್ಕದಲ್ಲೇ ಇರುತ್ತದೆ. ತಪ್ಪಿ ಅದನ್ನು ಬಿಚ್ಚಿ, ಮೇಲಿಂದ ಎಂಜಿನ್‌ಗೆ ಹೊಸ ಆಯಿಲ್ ಸುರಿದರೆ ಎಂಜಿನ್‌ನಲ್ಲಿ ಎರಡು ಪಟ್ಟು, ಗೇರ್‌ಬಾಕ್ಸ್‌ನಲ್ಲಿ ಏನೂ ಇಲ್ಲ. ಹಾಗೇ ಓಡಿಸಿದರೆ ಎರಡೂ ಕೆಡುತ್ತವೆ. ಫಿಲ್ಟರ್ ಕಚ್ಚಿಕೊಂಡಿರುವ ಲೋಹದ ದಿಮ್ಮಿ ಎಂಜಿನ್. ಅದರ ತಳಕ್ಕೆ ಸುತ್ತಲೂ ಸಣ್ಣ ಬೋಲ್ಟುಗಳಿಂದ ಕೂರಿಸಿರುವ ತಟ್ಟೆಯೇ ಚೇಂಬರ್. ಹಾಗೆಯೇ ಮೇಲಿನ ಆಯಿಲ್ ಮುಚ್ಚಳವನ್ನು ಮೊದಲೇ ಸಡಿಲಿಸಿಡಿ.

ಬೋಲ್ಟ್ ಬಿಚ್ಚುವ ಮೊದಲು ಎಂಜಿನ್ ನಾಲ್ಕೈದು ನಿಮಿಷ ಓಡಿಸಿ ಬಂದ್ ಮಾಡಿದರೆ ಸಾಕು. ಆಯಿಲ್ ಬೆಚ್ಚಗಾಗಿ ತೆಳುವಾಗುತ್ತದೆ, ಕೊಳೆಯೂ ಅದರ ಜೊತೆ ಬರುತ್ತದೆ. ದೂರ ಓಡಿಸಿ ಬಂದ ಕಾರಾದರೆ ಅರ್ಧ ಗಂಟೆ ಬಿಡಿ. 90 ಡಿಗ್ರಿಯ ಆಯಿಲ್ ಕೈ ಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿ. ಬಳಸಿದ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿರುತ್ತವೆ, ಚರ್ಮಕ್ಕೆ ಪದೇ ಪದೇ ತಾಗಬಾರದು.

ಬೋಲ್ಟಿನ ತಲೆ ಹೋಂಡಾ, ಹ್ಯುಂಡೈಗಳಲ್ಲಿ ಸಾಮಾನ್ಯವಾಗಿ 17 ಎಂಎಂ, ಟೊಯೊಟಾದಲ್ಲಿ 14. ಓಪನ್ ಸ್ಪ್ಯಾನರ್ ಬೇಡ, ಅದು ಎರಡೇ ಮುಖ ಹಿಡಿದು ಮೂಲೆ ಸವೆಸುತ್ತದೆ. ಆರು ಮೂಲೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಇರಲಿ. ಸಡಿಲವಾದ ಮೇಲೆ ಬೆರಳಿನಿಂದ ಒಳಕ್ಕೆ ಒತ್ತಿಹಿಡಿದೇ ತಿರುಗಿಸುತ್ತ ಬನ್ನಿ. ಕೊನೆಯ ಸುತ್ತು ಮುಗಿದದ್ದು ಬೆರಳಿಗೇ ಗೊತ್ತಾಗುತ್ತದೆ. ಆಗ ಪಕ್ಕಕ್ಕೆ ಸರ್ರನೆ ಎಳೆದುಕೊಳ್ಳಿ. ಮೊದಲ ಧಾರೆ ನೇರ ಕೆಳಗೆ ಬೀಳದೆ ಬೋಲ್ಟ್ ಇದ್ದ ದಿಕ್ಕಿಗೇ ಅರ್ಧ ಅಡಿಯಷ್ಟು ಚಿಮ್ಮುತ್ತದೆ. ಟ್ರೇಯನ್ನು ಆ ಅಂದಾಜಿನಲ್ಲಿ ಇಟ್ಟು, ಧಾರೆ ಸಣ್ಣಗಾದಂತೆ ಹಿಂದಕ್ಕೆ ಸರಿಸಿ. ಟ್ರೇ ಅಗಲವಾಗಿರಲಿ, 5 ಲೀಟರಿಗಿಂತ ಹೆಚ್ಚು ಹಿಡಿಯಲಿ, ಕೆಳಗೆ ರಟ್ಟು ಹಾಸಿರಲಿ. ನೆಲದ ರಗಳೆ ಮುಕ್ಕಾಲು ಪಾಲು ಇಲ್ಲೇ ತಪ್ಪುತ್ತದೆ.

ತಿರುಗಿ ಹಾಕುವಾಗ ಹೊಸ ವಾಷರ್ ಕಡ್ಡಾಯ. ಅಲ್ಯೂಮಿನಿಯಂ ವಾಷರ್ ಒಂದೇ ಸಲ ಅಮುಕಿಕೊಂಡು ಸಂದು ಮುಚ್ಚುವಂಥದ್ದು. ಹಳೆಯದನ್ನೇ ಹಾಕಿದರೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿತೆಂದು ಇನ್ನಷ್ಟು ಬಿಗಿಯುತ್ತಾರೆ, ಅಲ್ಲಿಗೆ ಚೇಂಬರಿನ ಥ್ರೆಡ್ ಹೋಯಿತು. ಅಲ್ಯೂಮಿನಿಯಂ ಚೇಂಬರ್ ಹಾಳಾಗುವ ದಾರಿ ಬಹುತೇಕ ಇದೇ. ಮಾರುತಿಯ ಕೈಪಿಡಿ ಹೇಳುವ ಬಿಗಿ 35 ನ್ಯೂಟನ್ ಮೀಟರ್. ಅಂದರೆ 20 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಯಲ್ಲಿ ಸುಮಾರು 18 ಕಿಲೋ ತೂಗಿದಷ್ಟು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಕಾಲಿನಿಂದ ತುಳಿದು ಬಿಗಿದರೆ ಇದರ ಎರಡು ಮೂರು ಪಟ್ಟು ಆಗುತ್ತದೆ. ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್ ಕೊಳ್ಳುವವರು ಗಾಲಿ ನಟ್ಟಿಗೆ ಮಾಡಿದ 40ರಿಂದ 200ರ ದೊಡ್ಡದನ್ನು ತರಬೇಡಿ, ಅದರ ಲೆಕ್ಕ ಈ ಬೋಲ್ಟಿನ ಬಿಗಿಗಿಂತ ಮೇಲಿನಿಂದ ಶುರುವಾಗುತ್ತದೆ. 10ರಿಂದ 60ರ ಸಣ್ಣದು ಬೇಕು. ಮೊದಲ ನಾಲ್ಕೈದು ಸುತ್ತು ಬರಿಗೈಯಲ್ಲೇ ಹೋಗಬೇಕು. ಅಡ್ಡ ಹತ್ತಿದರೆ ತಕ್ಷಣ ಬಿಚ್ಚಿ.

ಫಿಲ್ಟರಿನ ಸರದಿ. ಸಿಗದಿದ್ದಾಗ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಅಭ್ಯಾಸ ಬಿಟ್ಟುಬಿಡಿ. ತಗಡು ಹರಿದು, ಹಿಡಿಯಲು ಏನೂ ಉಳಿಯದಂತಾಗುತ್ತದೆ. ನಿಮ್ಮ ಫಿಲ್ಟರಿನ ಅಳತೆಗೇ ಹೊಂದುವ ಟೋಪಿಯಂಥ ಕ್ಯಾಪ್ ರೆಂಚ್ ಅತ್ಯುತ್ತಮ. ಉದ್ದ ಎಕ್ಸ್‌ಟೆನ್ಶನ್ ಹಾಕಿದರೆ ಇಕ್ಕಟ್ಟಿನಲ್ಲೂ ನಡೆಯುತ್ತದೆ. ಬೆಲ್ಟ್ ರೆಂಚ್ ಜಾರಿದರೆ ನಡುವೆ ಉಪ್ಪುಕಾಗದದ ತುಂಡು ಕೊಡಿ. ಸಡಿಲವಾದ ಕೂಡಲೇ ಫಿಲ್ಟರಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಚೀಲದೊಳಗೇ ಬಿಚ್ಚಿದರೆ ಸೈಲೆನ್ಸರ್ ಕೊಳವೆಯ ಮೇಲೆ ಎಣ್ಣೆ ಬೀಳುವುದಿಲ್ಲ.

ತೆಗೆದ ಫಿಲ್ಟರನ್ನು ತಿರುಗಿಸಿ ನೋಡಿ: ರಬ್ಬರ್ ರಿಂಗ್ ಅದರಲ್ಲೇ ಇದೆಯೇ? ಇಲ್ಲವಾದರೆ ಎಂಜಿನ್‌ಗೆ ಅಂಟಿಕೊಂಡಿದೆ. ಅದರ ಮೇಲೆ ಹೊಸ ಫಿಲ್ಟರ್ ಕೂತರೆ ಎರಡು ರಿಂಗ್ ಒಂದರ ಮೇಲೊಂದು ಜಾರುತ್ತವೆ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದಾಗ ಹಲವು ಬಾರ್ ಒತ್ತಡದ ಆಯಿಲ್ ಆ ಸಂದಿನಿಂದ ನುಗ್ಗಿ, ಸ್ವಲ್ಪ ಹೊತ್ತಿನಲ್ಲೇ ಚೇಂಬರ್ ಬರಿದಾಗಬಹುದು. ಈ ಒಂದು ನೋಟಕ್ಕೆ ಅರ್ಧ ನಿಮಿಷ ಬೇಡ, ಉಳಿಸುವುದು ಇಡೀ ಎಂಜಿನ್. ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲ್ ಸವರಿ, ರಿಂಗ್ ತಾಗುವವರೆಗೆ ಕೈಯಲ್ಲಿ ತಿರುಗಿಸಿ, ಮಾರ್ಕರ್‌ನಿಂದ ಗುರುತು ಹಾಕಿ, ಅಲ್ಲಿಂದ ಮುಕ್ಕಾಲು ಸುತ್ತು. ಬಿಗಿಯುವುದು ಕೈಯಲ್ಲಿ, ರೆಂಚ್ ಇರುವುದು ಬಿಚ್ಚಲಿಕ್ಕೆ.

ಸುರಿಯುವಾಗ ಡಬ್ಬಿಯ ಬಾಯಿ ಮೇಲ್ಬದಿಗೆ ಬರುವಂತೆ ಹಿಡಿಯಿರಿ. ಗಾಳಿ ಒಳಹೋಗುತ್ತಿದ್ದರೆ ಗುಳುಗುಳು ಎಂದು ಚೆಲ್ಲುವುದಿಲ್ಲ. ಹೇಳಿದ ಅಳತೆಗಿಂತ ಕಾಲು ಲೀಟರ್ ಕಡಿಮೆ ಹಾಕಿ ನಿಲ್ಲಿಸಿ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ಆಯಿಲ್ ದೀಪ ಆರಬೇಕು. ಆರದಿದ್ದರೆ ತಕ್ಷಣ ಬಂದ್ ಮಾಡಿ. ಆರಿದರೆ ಒಂದು ನಿಮಿಷ ಓಡಲು ಬಿಟ್ಟು, ಬೋಲ್ಟ್ ಮತ್ತು ಫಿಲ್ಟರ್ ಕಡೆ ಟಾರ್ಚ್ ಹಾಕಿ ನೋಡಿ, ಕಾರನ್ನು ಸಮನೆಲಕ್ಕಿಳಿಸಿ, ಐದು ನಿಮಿಷ ಬಿಟ್ಟು, ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತು ದಾಟಬಾರದು. ಹೆಚ್ಚಾದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ತುಂಬಿದ ಆಯಿಲ್‌ಗೆ ಬೇರಿಂಗ್ ಕಾಯುವ ಶಕ್ತಿ ಇರುವುದಿಲ್ಲ. ದೊಡ್ಡ ಸಿರಿಂಜಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ ಡಿಪ್‌ಸ್ಟಿಕ್ ತೂತಿನಿಂದ ಹೆಚ್ಚಿನದನ್ನು ಎಳೆಯಬಹುದು. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬೇಗ ಕಪ್ಪಾಗುತ್ತದೆ, ಗಾಬರಿ ಬೇಡ.

ಇನ್ನು ಬೋಲ್ಟ್ ಬಿಚ್ಚುವ ಕೆಲಸವನ್ನೇ ತಪ್ಪಿಸುವ ಎರಡು ಸಾಧನಗಳು. ಒಂದು, ಡಿಪ್‌ಸ್ಟಿಕ್ ದಾರಿಯಿಂದ ಆಯಿಲ್ ಹೀರುವ ಕೈಪಂಪು. ಫಿಲ್ಟರ್ ಮೇಲುಗಡೆಯೇ ಇರುವ ಕಾರುಗಳಿಗೆ, ಕೆಲವು ಸ್ಕೋಡಾ, ಫೋಕ್ಸ್‌ವ್ಯಾಗನ್ ಡೀಸೆಲ್‌ಗಳು ಹಾಗಿವೆ, ಇದು ನಿಜಕ್ಕೂ ವರ. ಕಾರು ಎತ್ತುವುದೇ ಬೇಡ. ಕೊಳವೆ ಚೇಂಬರಿನ ತಳ ಮುಟ್ಟುತ್ತದೆಯೇ ಎಂಬುದು ಕಾರಿನಿಂದ ಕಾರಿಗೆ ಬೇರೆ. ಮೊದಲ ಸಲ ಹೀರಿದ ಮೇಲೆ ಬೋಲ್ಟನ್ನೂ ಬಿಚ್ಚಿ ಎಷ್ಟು ಉಳಿದಿದೆ ನೋಡಿದರೆ ನಿಮ್ಮ ಕಾರಿಗೆ ಇದು ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಫಿಲ್ಟರ್ ಕೆಳಗಿರುವ ಕಾರಿಗೆ ಹೇಗೂ ಕೆಳಗೆ ಹೋಗಲೇಬೇಕು, ಆಗ ಪಂಪಿನಿಂದ ಲಾಭ ಕಡಿಮೆ. ಇನ್ನೊಂದು, ಬೋಲ್ಟಿನ ಜಾಗದಲ್ಲಿ ಕಾಯಂ ಕೂರುವ ಫ್ಯೂಮೊಟೊ ಮಾದರಿಯ ಡ್ರೈನ್ ವಾಲ್ವ್. ಸಣ್ಣ ಹಿಡಿ ತಿರುಗಿಸಿದರೆ ಆಯಿಲ್ ಇಳಿಯುತ್ತದೆ, ವಾಷರ್ ಖರ್ಚಿಲ್ಲ, ಥ್ರೆಡ್ ಸವೆಯುವುದಿಲ್ಲ. ನಮ್ಮ ಹಂಪುಗಳ ಮೇಲೆ ಸಣ್ಣ ಕಾರಿನ ಹೊಟ್ಟೆ ಉಜ್ಜುವುದನ್ನು ನೆನೆದರೆ, ಚೇಂಬರಿಗಿಂತ ಕೆಳಗೆ ಚಾಚುವ ವಾಲ್ವನ್ನು ನಾನು ಹಾಕಿ ಎನ್ನಲಾರೆ. ಬೋಲ್ಟ್ ಅಡ್ಡಕ್ಕಿದ್ದು, ವಾಲ್ವ್ ಚೇಂಬರಿನ ಮಟ್ಟದಿಂದ ಮೇಲೇ ಉಳಿಯುವುದಾದರೆ ಒಳ್ಳೆಯ ಆಯ್ಕೆ.

ಕೊನೆಗೆ, ಇಳಿಸಿದ ಆಯಿಲ್. ಮರಕ್ಕೆ ಗೆದ್ದಲು ಹತ್ತದಂತೆ ಬಳಿಯಲು, ಸೆಂಟ್ರಿಂಗ್ ಶೀಟಿಗೆ ಸವರಲು ಕೇಳಿಕೊಂಡು ಬರುವವರಿದ್ದಾರೆ. ಕೊಡಬೇಡಿ. ಅದರಲ್ಲಿರುವ ಲೋಹದ ಕಣ, ವಿಷ ಎಲ್ಲ ಮಳೆಯಲ್ಲಿ ತೊಳೆದು ಬಾವಿಗೆ, ಕೆರೆಗೆ ಸೇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಸೇರಿದೆ, 2024ರ ಏಪ್ರಿಲ್‌ನಿಂದ ಅದರ ಮರುಬಳಕೆಯ ಹೊಣೆ ತಯಾರಕರ ಮೇಲೂ ಬಂದಿದೆ. ಹಳೆಯ ಆಯಿಲನ್ನು ಡಬ್ಬಿಗೆ ತುಂಬಿ, ನೀರು, ಕೂಲಂಟ್ ಬೆರೆಸದೆ, ಅಧಿಕೃತ ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರ್‌ಗೆ ಮೊದಲೇ ವಿಚಾರಿಸಿ ಕೊಡಿ. ಫಿಲ್ಟರನ್ನು ಒಂದು ರಾತ್ರಿ ಟ್ರೇ ಮೇಲೆ ಬೋರಲು ಹಾಕಿ ಸೋರಿಸಿ, ಅದನ್ನೂ ಜೊತೆಗೇ ಕೊಡಿ. ಉಳಿದ ಖಾಲಿ ಡಬ್ಬಿಗಳನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ, ನಕಲಿ ಆಯಿಲ್ ತುಂಬಿ ಮಾರುವವರಿಗೆ ಬೇಕಾದದ್ದು ಲೇಬಲ್ ಕೆಡದ ಡಬ್ಬಿಯೇ. ಲೇಬಲ್ ಹರಿದು, ತಳಕ್ಕೆ ಚಾಕು ಹಾಕಿ, ಆಮೇಲೆ ಕೊಡಿ.