ಕಾರ್ನರ್ ಧ್ವಜದ ಬಳಿ ಬಿದ್ದ ತಲೆ

ಕೇಳುಗರಿಗೆ ನಮಸ್ಕಾರ.

2002ರ ನವೆಂಬರ್ 23ರ ರಾತ್ರಿ, ಸ್ಪೇನಿನ ಬಾರ್ಸಿಲೋನಾ ನಗರದ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ, ಆ ಊರಿನ ಬಾರ್ಸಿಲೋನಾ ತಂಡದ ವಿರುದ್ಧದ ಫುಟ್‌ಬಾಲ್ ಪಂದ್ಯದಲ್ಲಿ, ರಿಯಲ್ ಮ್ಯಾಡ್ರಿಡ್ ತಂಡದ ಲೂಯಿಸ್ ಫಿಗೊ ಕಾರ್ನರ್ ಕಿಕ್ ಹೊಡೆಯಲೆಂದು ಮೈದಾನದ ಮೂಲೆಗೆ ನಡೆದುಹೋದರು. ಆಟಗಾರನೊಬ್ಬ ಪ್ರೇಕ್ಷಕರಿಗೆ ತೀರ ಹತ್ತಿರ ಬಂದು, ಕೆಲವು ಕ್ಷಣ ಒಂಟಿಯಾಗಿ ನಿಲ್ಲಬೇಕಾದ ಜಾಗ ಅದು. ಆ ಮೂಲೆಗೆ ನಾಣ್ಯಗಳು, ಬಾಟಲಿಗಳು ಬಂದು ಬೀಳತೊಡಗಿದವು; ಒಂದು ವಿಸ್ಕಿ ಬಾಟಲಿ ಬಿತ್ತು; ಕೊನೆಗೆ ಒಂದು ಎಳೆಯ ಹಂದಿಯ ತಲೆಯೂ ಬಿತ್ತು. ರೆಫರಿ ಎರಡೂ ತಂಡಗಳನ್ನು ಒಳಗೆ ಕಳುಹಿಸಿದರು ಮತ್ತು ಆಟ ಸುಮಾರು ಕಾಲು ಗಂಟೆ ನಿಂತಿತು.

ಬಾಟಲಿಯನ್ನೇನೋ ಕುಡಿದವನೊಬ್ಬ ಆವೇಶದಲ್ಲಿ ಎಸೆದ ಎನ್ನಬಹುದು. ಹಂದಿಯ ತಲೆಯನ್ನು ಹಾಗೆನ್ನಲು ಬರುವುದಿಲ್ಲ. ಅದನ್ನು ಮೊದಲೇ ಸಂಪಾದಿಸಿ, ಕಟ್ಟಿಕೊಂಡು, ಕಾವಲಿನವರ ಕಣ್ಣು ತಪ್ಪಿಸಿ ಒಳಗೆ ತಂದು, ಆ ಒಬ್ಬ ಮನುಷ್ಯ ಮೂಲೆಗೆ ಬರುವವರೆಗೂ ಯಾರೋ ಕಾದು ಕುಳಿತಿದ್ದರು. ಫಿಗೊ ಬಾರ್ಸಿಲೋನಾ ತಂಡ ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರಿ ಆಗಲೇ ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಅಷ್ಟು ಕಾಲವೂ ಆರದ ಆ ಸಿಟ್ಟು ಎಲ್ಲಿಂದ ಹುಟ್ಟಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಫಿಗೊ ಪೋರ್ಚುಗಲ್ಲಿನವರು. ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿನಿಂದ 1995ರಲ್ಲಿ ಬಾರ್ಸಿಲೋನಾಕ್ಕೆ ಬಂದರು. ಐದು ಋತುಗಳಲ್ಲಿ ಎರಡು ಲೀಗ್ ಪ್ರಶಸ್ತಿಗಳನ್ನೂ ಎರಡು ಸ್ಪ್ಯಾನಿಷ್ ಕಪ್‌ಗಳನ್ನೂ ತಂಡದೊಂದಿಗೆ ಗೆದ್ದರು, ನಾಯಕನ ಪಟ್ಟಿಯನ್ನು ತೋಳಿಗೆ ಕಟ್ಟಿಕೊಂಡೂ ಆಡಿದರು. ಆದರೆ ಅಭಿಮಾನಿಗಳು ಅವರನ್ನು ಹಚ್ಚಿಕೊಂಡದ್ದು ಪ್ರಶಸ್ತಿಗಳಿಗಾಗಿ ಮಾತ್ರವಲ್ಲ. 1998ರ ವಿಜಯೋತ್ಸವದಲ್ಲಿ ಊರಿನ ಚೌಕದ ಮೇಲಿನ ಉಪ್ಪರಿಗೆಯಿಂದ, ಬಿಳಿಯಂಗಿಯ ಅಳುಬುರುಕರೇ, ಚಾಂಪಿಯನ್ನರಿಗೆ ನಮಸ್ಕರಿಸಿ ಎಂದು ಮ್ಯಾಡ್ರಿಡ್ಡಿನವರನ್ನು ಹಂಗಿಸಿ ಕೂಗಿದವರಲ್ಲಿ ಫಿಗೊ ಮುಂದಿದ್ದರು. ಹೊರಗಿನಿಂದ ಬಂದವನೊಬ್ಬ ನಮ್ಮ ಜಗಳವನ್ನೂ ತನ್ನದಾಗಿಸಿಕೊಂಡನಲ್ಲ ಎಂಬ ಹೆಮ್ಮೆ ಜನರಲ್ಲಿ ಮೂಡಿತು. ಸ್ಪೇನಿನಲ್ಲಿ ಫ್ರಾಂಕೋನ ಸರ್ವಾಧಿಕಾರದ ದಶಕಗಳಲ್ಲಿ ಬಾರ್ಸಿಲೋನಾ ಸೀಮೆಯ ಕ್ಯಾಟಲನ್ ಭಾಷೆಗೆ ಶಾಲೆಯಲ್ಲಿ, ಕಚೇರಿಯಲ್ಲಿ ಜಾಗವಿಲ್ಲದಿದ್ದಾಗ, ಅದನ್ನು ಗಂಟಲೆತ್ತಿ ಆಡಬಹುದಾಗಿದ್ದ ಕೆಲವೇ ಸ್ಥಳಗಳಲ್ಲಿ ಫುಟ್‌ಬಾಲ್ ಮೈದಾನವೂ ಒಂದಾಗಿತ್ತು. ಅಂಥ ಊರಿನಲ್ಲಿ ಮ್ಯಾಡ್ರಿಡ್ ತಂಡವೆಂದರೆ ಬರಿಯ ಎದುರಾಳಿಯಲ್ಲ. ರಾಜಧಾನಿಯ ದರ್ಪದ ಇನ್ನೊಂದು ಹೆಸರು.

ಇನ್ನು ಆ ವರ್ಗಾವಣೆ ನಡೆದ ಬಗೆ. 2000ದ ಜುಲೈನಲ್ಲಿ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ಬಂದಿತ್ತು. ಕಣದಲ್ಲಿದ್ದ ಹಾಲಿ ಅಧ್ಯಕ್ಷ ಲೊರೆಂಜೊ ಸಾಂಜ್ ಅವರ ಅವಧಿಯಲ್ಲಿ ತಂಡ 1998ರಲ್ಲಿ ಮತ್ತು ಅದೇ 2000ದಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಗೆದ್ದಿತ್ತು. ಅಂಥವರ ಎದುರು ನಿಂತ ಉದ್ಯಮಿ ಫ್ಲೊರೆಂಟಿನೊ ಪೆರೆಜ್, ಗೆದ್ದರೆ ಫಿಗೊ ಅವರನ್ನು ಕರೆತರುತ್ತೇನೆ, ತರಲಾಗದಿದ್ದರೆ ಸದಸ್ಯರ ವರ್ಷದ ಶುಲ್ಕವನ್ನು ನಾನೇ ಕಟ್ಟುತ್ತೇನೆ ಎಂದು ಮಾತು ಕೊಟ್ಟರು. ಮತದಾರನಿಗೆ ಎರಡೂ ಕಡೆಯಿಂದ ಲಾಭ ತೋರಿಸುವ ಈ ಜಾಣತನ ನಮಗೇನೂ ಹೊಸದಲ್ಲ. ಈ ನಡುವೆ ಫಿಗೊ ಅವರ ಏಜೆಂಟ್ ಪೆರೆಜ್ ಅವರೊಂದಿಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು. ಪೆರೆಜ್ ಗೆದ್ದ ಮೇಲೆ ಆಟಗಾರ ಹಿಂದೆ ಸರಿದರೆ ಭಾರೀ ಮೊತ್ತದ ದಂಡ ಕಟ್ಟಬೇಕಿತ್ತು. ಪೆರೆಜ್ ಗೆಲ್ಲುವುದಿಲ್ಲ ಎಂಬ ಎಣಿಕೆ ಅನೇಕರಲ್ಲಿತ್ತು. ಅವರು ಗೆದ್ದರು. ಬಾರ್ಸಿಲೋನಾದಲ್ಲೇ ಉಳಿಯುವುದಾಗಿ ಅಲ್ಲಿನ ಕ್ರೀಡಾಪತ್ರಿಕೆಗೆ ಹೇಳಿದ್ದ ಫಿಗೊ, ಜುಲೈ 24ರಂದು ಮ್ಯಾಡ್ರಿಡ್ಡಿನಲ್ಲಿ ಹಿರಿಯ ಆಟಗಾರ ಆಲ್‌ಫ್ರೆಡೊ ಡಿ ಸ್ಟೆಫಾನೊ ಅವರ ಪಕ್ಕದಲ್ಲಿ 10ನೇ ಸಂಖ್ಯೆಯ ಬಿಳಿ ಅಂಗಿ ಹಿಡಿದು ನಿಂತಿದ್ದರು. ಆ ದಿನದ ಚಿತ್ರಗಳಲ್ಲಿ ಅವರ ಮುಖದಲ್ಲಿ ಸಂತೋಷವನ್ನು ಹುಡುಕಬೇಕಾಗುತ್ತದೆ.

ಬಾರ್ಸಿಲೋನಾ ಇದನ್ನು ತಡೆಯಲಾಗಲಿಲ್ಲವೇ ಎಂದು ನೀವು ಕೇಳಬಹುದು. ಸ್ಪೇನಿನ 1985ರ ರಾಜಾಜ್ಞೆಯೊಂದರ ಪ್ರಕಾರ, ವೃತ್ತಿಪರ ಆಟಗಾರನು ತನ್ನ ಒಪ್ಪಂದವನ್ನು ಪರಿಹಾರ ಕೊಟ್ಟು ಮುರಿಯಬಹುದು. ಆದ್ದರಿಂದಲೇ ಅಲ್ಲಿನ ಕ್ಲಬ್ಬುಗಳು ಆಟಗಾರರ ಒಪ್ಪಂದದಲ್ಲಿ ಬಿಡುಗಡೆಯ ಮೊತ್ತವೊಂದನ್ನು ಬರೆದಿಡುತ್ತವೆ, ಮತ್ತು ಅಷ್ಟು ಹಣ ಬಂದು ಬಿದ್ದರೆ ಒಲ್ಲೆ ಎನ್ನುವ ಅಧಿಕಾರ ಕ್ಲಬ್ಬಿಗೆ ಇರುವುದಿಲ್ಲ. ಫಿಗೊ ಅವರ ಮೊತ್ತ ಸಾವಿರ ಕೋಟಿ ಪೆಸೆಟಾ, ಎಂದರೆ ಸುಮಾರು 6 ಕೋಟಿ ಯೂರೊ. ಆ ಹೊತ್ತಿಗೆ ಅದು ವಿಶ್ವದಾಖಲೆ. ವಿಚಿತ್ರವೆಂದರೆ, ಅದೇ 1985ರಲ್ಲಿ ನಮ್ಮ ಸಂಸತ್ತು ಶಾಸಕರ ಪಕ್ಷಾಂತರಕ್ಕೆ ತಡೆ ಹಾಕುವ ತಿದ್ದುಪಡಿಯನ್ನು ತಂದಿತು. ಅಲ್ಲಿ ಆಟಗಾರನಿಗೆ ಬಾಗಿಲು ತೆರೆದ ವರ್ಷವೇ ಇಲ್ಲಿ ಶಾಸಕರಿಗೆ ಬಾಗಿಲು ಹಾಕಲಾಯಿತು. ಹಾಕಿದ ಬಾಗಿಲಿನಿಂದಲೂ ಎಷ್ಟು ಜನ ಹೊರಟರೆಂಬುದು ಬೇರೆಯ ಮಾತು.

ಸಿಟ್ಟಿನ ಬೇರು ಇಲ್ಲೇ ಇದೆ ಎಂಬುದು ನನ್ನ ಎಣಿಕೆ. ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್ ಎರಡೂ ಸದಸ್ಯರ ಒಡೆತನದ ಕ್ಲಬ್ಬುಗಳು. ವರ್ಷ ವರ್ಷ ಶುಲ್ಕ ಕಟ್ಟುವವರೇ ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಅಜ್ಜನ ಸದಸ್ಯತ್ವದ ನೆನಪಿನಲ್ಲಿ ಮೊಮ್ಮಗಳು ಸದಸ್ಯಳಾಗುತ್ತಾಳೆ. ಕ್ಲಬ್ಬು ನಮ್ಮದು ಎಂಬ ಮಾತು ಅಲ್ಲಿ ಲೆಕ್ಕಪತ್ರದಲ್ಲಿಯೂ ನಿಜ. ಕ್ಲಬ್ಬು ನಮ್ಮದಾದರೆ ಆಟಗಾರನೂ ನಮ್ಮವನೇ ಎಂದು ಅವರು ನಂಬಿದ್ದರಲ್ಲಿ ಅಚ್ಚರಿಯಿಲ್ಲ. ಆ ನಂಬಿಕೆಗೆ ಒಂದು ಬೆಲೆಚೀಟಿ ಅಂಟಿತ್ತೆಂದೂ, ಅದನ್ನು ಓದಿಕೊಂಡವರು ತಮ್ಮ ಹಾಗೆಯೇ ಶುಲ್ಕ ಕಟ್ಟುವ ಮ್ಯಾಡ್ರಿಡ್ಡಿನ ಸದಸ್ಯರನ್ನು ಒಲಿಸಿಕೊಳ್ಳಲು ಹೊರಟವರೆಂದೂ ಗೊತ್ತಾದ ದಿನ, ಅವಮಾನವಾಗಿದ್ದು ಒಡೆಯರಿಗೆ. ಒಡೆಯನ ಅವಮಾನ ಮತ್ತು ನೋಡುಗನ ಬೇಸರ ಒಂದೇ ಅಲ್ಲ.

ಬೇರೆಯವರು ಹೋಗಿರಲಿಲ್ಲವೇ? ಹೋಗಿದ್ದರು. ಡೆನ್ಮಾರ್ಕಿನ ಮೈಕೆಲ್ ಲೌಡ್ರಪ್ 1994ರ ಜನವರಿಯಲ್ಲಿ ಬಾರ್ಸಿಲೋನಾ ಪರವಾಗಿ ಮ್ಯಾಡ್ರಿಡ್ಡನ್ನು 5-0 ಅಂತರದಿಂದ ಸೋಲಿಸಿದ ತಂಡದಲ್ಲಿದ್ದರು. ಮರು ವರ್ಷದ ಜನವರಿಯಲ್ಲಿ ಮ್ಯಾಡ್ರಿಡ್ ಪರವಾಗಿ ಬಾರ್ಸಿಲೋನಾವನ್ನು ಅದೇ 5-0 ಅಂತರದಿಂದ ಸೋಲಿಸಿದ ತಂಡದಲ್ಲೂ ಇದ್ದರು. ಅವರಿಗೆ ಹಂಗಿಸುವ ಸಿಳ್ಳೆ ಸಿಕ್ಕಿತು, ಹಂದಿಯ ತಲೆ ಸಿಗಲಿಲ್ಲ. ತರಬೇತುದಾರರೊಂದಿಗೆ ಮನಸ್ತಾಪವಾಗಿ, ಒಪ್ಪಂದ ಮುಗಿದ ಮೇಲೆ ಹೊರಟವರು ಅವರು. ಫಿಗೊ ಹಾಗಲ್ಲ, ಉತ್ತುಂಗದಲ್ಲಿದ್ದಾಗ, ಇರುತ್ತೇನೆಂದು ಹೇಳಿ ಹೋದವರು.

2000ದ ಅಕ್ಟೋಬರ್ 21ರಂದು ಫಿಗೊ ಮೊದಲ ಬಾರಿಗೆ ಬಿಳಿ ಅಂಗಿಯಲ್ಲಿ ಕ್ಯಾಂಪ್ ನೌಗೆ ಬಂದಾಗ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರಿನಿಂದ ಯೂದ ಎಂದೂ ದ್ರೋಹಿ ಎಂದೂ ಬರೆದ ಬಟ್ಟೆಗಳು ತೂಗಾಡಿದವು. ‘ಪೆಸೆತೆರೊ’ ಎಂಬ ಕೂಗು ಎದ್ದಿತು. ಪೆಸೆಟಾಕ್ಕೆ ಬಾಯಿ ಬಿಡುವವನು, ದುಡ್ಡಿನ ದಾಸ ಎಂದರ್ಥ. ಅವರ ಮುಖವಿರುವ ಆಟಿಕೆಯ ನೋಟುಗಳೂ ಹಾರಾಡಿದವು. ಆ ಸಂಜೆ ಅವರು ಕಾರ್ನರ್ ಕಿಕ್ಕುಗಳನ್ನು ಹೊಡೆಯಲು ಹೋಗಲೇ ಇಲ್ಲ. ಯುವಕ ಕಾರ್ಲೆಸ್ ಪುಯೋಲ್ ಅವರನ್ನು ನೆರಳಿನಂತೆ ಹಿಂಬಾಲಿಸಿದರು, ಬಾರ್ಸಿಲೋನಾ 2-0 ಅಂತರದಿಂದ ಗೆದ್ದಿತು. ಗೋಲು ಹೊಡೆದವರಲ್ಲಿ ಒಬ್ಬರು ಲೂಯಿಸ್ ಎನ್ರಿಕೆ. ಐದು ವರ್ಷ ರಿಯಲ್ ಮ್ಯಾಡ್ರಿಡ್ಡಿನಲ್ಲಿ ಆಡಿ, 1996ರಲ್ಲಿ ಬಾರ್ಸಿಲೋನಾಕ್ಕೆ ಬಂದಿದ್ದವರು ಅವರು. ಯೂದನೆಂದು ಒಬ್ಬನನ್ನು ಬೈದ ಗಂಟಲುಗಳೇ ಈ ಮ್ಯಾಡ್ರಿಡ್ ತೊರೆದವನಿಗೆ ಜಯಕಾರ ಹಾಕಿದವು, ಮತ್ತು ಅದರಲ್ಲಿ ಏನೋ ತೊಡಕಿದೆ ಎಂದು ಆ ಗದ್ದಲದಲ್ಲಿ ಹೆಚ್ಚು ಜನರಿಗೆ ಅನ್ನಿಸಿದಂತಿಲ್ಲ.

ಬಂದ ಹಣದಲ್ಲಿ ಬಾರ್ಸಿಲೋನಾ ಇಂಗ್ಲೆಂಡಿನ ಆರ್ಸೆನಲ್‌ನಿಂದ ಓವರ್‌ಮಾರ್ಸ್ ಮತ್ತು ಪೆಟಿ ಅವರನ್ನು ಕೊಂಡುತಂದಿತು. ಆದರೆ 2005ರವರೆಗೆ ಒಂದು ದೊಡ್ಡ ಪ್ರಶಸ್ತಿಯೂ ಬರಲಿಲ್ಲ. ಅತ್ತ ಫಿಗೊ 2001ರಲ್ಲಿ ಲೀಗನ್ನೂ 2002ರಲ್ಲಿ ಚಾಂಪಿಯನ್ಸ್ ಲೀಗನ್ನೂ ಗೆದ್ದರು. ಹಂದಿಯ ತಲೆ ಬಿದ್ದದ್ದು ಆ ಬರಗಾಲದ ನಡುವೆ ಎಂಬುದನ್ನು ನೆನಪಿಡಬೇಕು.

ಆ ರಾತ್ರಿಯ ಗಲಾಟೆಯ ಬಗ್ಗೆ ಬಾರ್ಸಿಲೋನಾದ ಅಧ್ಯಕ್ಷ ಜೊವಾನ್ ಗ್ಯಾಸ್ಪಾರ್ಟ್ ಅವರನ್ನು ಕೇಳಿದಾಗ, ಅವರು ತಮ್ಮ ಸದಸ್ಯರನ್ನು ಬಿಟ್ಟು, ಕಾರ್ನರ್ ಹೊಡೆಯಲು ಹೋಗಿ ಜನರನ್ನು ಕೆಣಕಿದ್ದು ಫಿಗೊ ಅವರೇ ಎಂದು ದೂರಿದರು. ಆ ಸದಸ್ಯರ ಮತದಿಂದಲೇ ಅವರೂ ಅಧ್ಯಕ್ಷರಾಗಿದ್ದರು. ಆ ಚುನಾವಣೆ ನಡೆದದ್ದು 2000ದ ಜುಲೈ 23ರಂದು, ಫಿಗೊ ಬಿಳಿ ಅಂಗಿ ಹಿಡಿದು ನಿಂತ ದಿನಕ್ಕೆ ಒಂದು ದಿನ ಮೊದಲು.

ನಮಸ್ಕಾರ.